ಹದಿಮೂರು ಚಾವಿಗಳ ಅಕ್ಕ

ಕಳೆದ ವಾರ ಠಾಣೆಯಿಂದ ವಾಶಿ ಕಡೆಗೆ ಹೋಗುವ ಲೋಕಲ್‌ನ ಲೇಡೀಸ್ ಡಬ್ಬಿಯಲ್ಲಿ ನನ್ನ ಎದುರಿಗೆ ಕೂತಿದ್ದ ಹುಡುಗಿ ಪರ್ಸಿನಿಂದ ನೇಲ್ ಪಾಲಿಶ್ ಬಾಟಲಿ ತೆಗೆದಳು. ಐರೋಲಿ ದಾಟಿತ್ತು. ಗಾಡಿ ಅಷ್ಟು ಕುಲುಕುತ್ತಿದ್ದರೂ ಅವಳ ಕೈ ನಡುಗಲಿಲ್ಲ, ಒಂದೊಂದೇ ಉಗುರಿಗೆ ಮೆರೂನ್ ಬಣ್ಣ ಏರುತ್ತ ಹೋಯಿತು. ಆ ವಾಸನೆ ಮೂಗಿಗೆ ಬಡಿಯಿತು. ಎದ್ದು ಬಾಗಿಲ ಹತ್ತಿರ ಹೋಗಿ ನಿಂತೆ. ಘಣಸೋಲಿಯಲ್ಲಿ ಇಳಿಯಬೇಕಾದವಳು ರಬಾಳೆಯಲ್ಲೇ ಇಳಿದು, ಬೆಂಚಿನ ಮೇಲೆ ಕೂತು ನೀರು ಕುಡಿದೆ. ಐವತ್ತು ದಾಟಿದ ಹೆಂಗಸು ನೇಲ್ ಪಾಲಿಶಿಗೆ ಹೆದರುತ್ತಾಳೆ ಎಂದರೆ ಯಾರಾದರೂ ನಕ್ಕಾರು. ನಗಲಿ.

ನಾವು ಡೊಂಬಿವಲಿ ಪೂರ್ವಕ್ಕೆ, ಠಾಕುರ್ಲಿಯ ಕಡೆಗಿನ ಆ ಕಟ್ಟಡಕ್ಕೆ ಬಂದದ್ದು ಎರಡು ಸಾವಿರದ ಮೂರರಲ್ಲಿ. ಲಿಫ್ಟ್ ಇಲ್ಲದ ನಾಲ್ಕು ಮಹಡಿ, ಹದಿನಾರು ಮನೆ. ನನ್ನ ಯಜಮಾನರ ಆಫೀಸು ಅಂಧೇರಿಯಲ್ಲಿ, ನನ್ನದು ಆಗ ಠಾಣೆಯಲ್ಲಿ, ಮಗಳಿಗೆ ಮೂರು ವರ್ಷ. ಸಾಮಾನು ಇಳಿಸುತ್ತಿರುವಾಗಲೇ ಮೊದಲ ಮಹಡಿಯ ಬಾಗಿಲು ತೆರೆದು, ನೀಲಿ ಸೀರೆಯ ಒಬ್ಬ ಹೆಂಗಸು ಹೊರಗೆ ಬಂದು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ನಾನು ಯಜಮಾನರಿಗೆ ಏನೋ ಹೇಳಿದ್ದು ಕಿವಿಗೆ ಬಿದ್ದಿರಬೇಕು. "ಕನ್ನಡದವರಾ? ಒಳ್ಳೇದಾಯ್ತು. ನೀನು ಎಷ್ಟು ಗಂಟೆಯ ಗಾಡಿಗೆ ಹೋಗುವುದು?" ಎಂದರು. ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. ಎಂಟು ಹದಿನಾಲ್ಕರ ಲೋಕಲ್ಲು ಎಂದೆ. "ಹಾಗಾದ್ರೆ ಏಳು ಐವತ್ತಕ್ಕೆ ಚಾವಿ ತಂದುಕೊಡು" ಎಂದು ಒಳಗೆ ಹೋದರು.

ಅವರು ಉಡುಪಿ ಕಡೆಯವರು. ನಾನು ಗದಗಿನವಳು. ಅವರ ಮನೆಯಲ್ಲಿ ತುಳು, ನನ್ನ ಮನೆಯಲ್ಲಿ ನಮ್ಮ ರೊಟ್ಟಿ ಕನ್ನಡ, ಮೆಟ್ಟಿಲ ಮೇಲೆ ಮರಾಠಿ. ನಾನು ಅವರನ್ನು ಅಕ್ಕಾರ ಎಂದು ಕರೆದೆ. ಅದನ್ನು ಕೇಳಿ ನಕ್ಕು, "ಎಂಥ ಅಕ್ಕಾರ, ಅಕ್ಕ ಹೇಳಿದ್ರೆ ಸಾಕು ಮಾರಾಯ್ತಿ" ಎಂದರು. ನಾನು ಬಿಡಲಿಲ್ಲ.

ಅವರ ಮನೆಯ ಬಾಗಿಲ ಹಿಂದೆ ಒಂದು ಹಲಗೆ, ಹಲಗೆಗೆ ಮೊಳೆಗಳು. ಕಟ್ಟಡದಲ್ಲಿ ಕೆಲಸಕ್ಕೆ ಹೋಗುವ ಹೆಂಗಸರೆಲ್ಲ ಬೆಳಿಗ್ಗೆ ಇಳಿಯುವಾಗ ಮನೆಯ ಚಾವಿ ಅವರ ಕೈಗಿಡುತ್ತಿದ್ದೆವು. ಗ್ಯಾಸಿನವನು ಬಂದರೆ, ಮಕ್ಕಳು ಶಾಲೆಯಿಂದ ಬಂದರೆ, ಊರಿನಿಂದ ಅತ್ತೆ ಮಾವ ಹೇಳದೆ ಕೇಳದೆ ಬಂದಿಳಿದರೆ ಬಾಗಿಲು ತೆರೆಯಲು ಒಬ್ಬರು ಬೇಕಲ್ಲ. ಹದಿಮೂರು ಮನೆಯ ಹದಿಮೂರು ಚಾವಿ. ಎಲ್ಲ ಹೆಚ್ಚುಕಡಿಮೆ ಒಂದೇ ತರಹದವು. ಚೀಟಿಯಿಲ್ಲ, ನಂಬರಿಲ್ಲ. ಸಂಜೆ ನಮ್ಮ ಚಪ್ಪಲಿಯ ಸದ್ದು ಕೇಳಿದರೆ ಸಾಕು, ಸರಿಯಾದ ಚಾವಿ ಹಿಡಿದು ಹೊಸ್ತಿಲಲ್ಲಿ ನಿಂತಿರುತ್ತಿದ್ದರು. ನನ್ನ ಮಗಳಂತೂ ಬಾಲವಾಡಿಯಿಂದ ಬಂದ ಮೇಲೆ ಸಂಜೆಯವರೆಗೆ ಅವರ ಮನೆಯಲ್ಲೇ. ಗಂಜಿ, ಉಪ್ಪಿನಕಾಯಿ, ತುಳು ಬೈಗುಳ ಎಲ್ಲ ಅಲ್ಲೇ ಕಲಿತಳು.

ಹಲಗೆಯ ಮೇಲಿನ ಚಾವಿಗಳೆಲ್ಲ ಹೋಗಿ ಮೊಳೆಗಳು ಖಾಲಿಯಾಗುವವರೆಗೆ ಅಕ್ಕ ಊಟ ಮಾಡುತ್ತಿರಲಿಲ್ಲ ಎಂಬುದು ನನಗೆ ತಿಳಿದದ್ದು ಎಷ್ಟೋ ತಿಂಗಳ ಮೇಲೆ. ಒಂದು ಚಾವಿ ಮೊಳೆಯ ಮೇಲಿದೆ ಎಂದರೆ ಒಬ್ಬರು ಇನ್ನೂ ರೇಲ್ವೆ ಲೈನಿನ ಮೇಲಿದ್ದಾರೆ ಎಂದು ಅರ್ಥ. ಅವರ ಗಂಡ ಘಾಟ್ಕೋಪರಿನ ಒಂದು ಹೋಟೆಲಿನಲ್ಲಿ ಮ್ಯಾನೇಜರ್ ಆಗಿದ್ದವರು. ನಾವು ಬರುವುದಕ್ಕೆ ಬಹಳ ಹಿಂದೆಯೇ ಒಂದು ಸಂಜೆ ಮುಂಬ್ರಾ ಹತ್ತಿರ ಗಾಡಿಯ ಬಾಗಿಲಿನಿಂದ ಬಿದ್ದು ತೀರಿಕೊಂಡಿದ್ದರು. ಸುದ್ದಿ ಮನೆ ತಲುಪಿದ್ದು ಮರುದಿನ. ಅಲ್ಲಿಯವರೆಗೆ ಅಕ್ಕ ಅನ್ನ ಬಿಸಿ ಮಾಡುತ್ತ, ಮತ್ತೆ ಬಿಸಿ ಮಾಡುತ್ತ ಕಾದಿದ್ದರಂತೆ. ಒಬ್ಬಳೇ ಮಗಳನ್ನು ಓದಿಸಿ, ಮದುವೆ ಮಾಡಿ ಸಾನಪಾಡಾಕ್ಕೆ ಕಳಿಸಿದರು. ಆಮೇಲೆ ಹದಿಮೂರು ಮನೆಯವರಿಗೆ ಕಾಯಲು ಶುರುಮಾಡಿದರು. ಯಾರೂ ಅವರಿಗೆ ಕಾಯಲು ಹೇಳಿರಲಿಲ್ಲ.

ನಾವು ತಮಾಷೆ ಮಾಡುತ್ತಿದ್ದೆವು. ನೀವು ಸ್ಟೇಷನ್ ಮಾಸ್ಟರ್ ಆಗಬೇಕಾಗಿತ್ತು ಎನ್ನುತ್ತಿದ್ದೆವು. ಅವರಿಗೆ ರಾತ್ರಿ ಮೂರು ನಾಲ್ಕು ಗಂಟೆಗಿಂತ ಹೆಚ್ಚು ನಿದ್ದೆ ಇರಲಿಲ್ಲ. ಹೊಟ್ಟೆ ಉರಿ, ಕತ್ತು ಹಿಡಿದುಕೊಳ್ಳುವುದು, ಒಮ್ಮೊಮ್ಮೆ ಎದೆ ಡವಡವ. ಎಲ್ಲಕ್ಕೂ "ಗ್ಯಾಸು" ಎಂದು ಒಂದೇ ಉತ್ತರ, ಒಂದು ಲೋಟ ಜೀರಿಗೆ ನೀರು. ಮಾನಪಾಡಾ ರಸ್ತೆಯ ಡಾಕ್ಟರರು ಬಿಪಿ ಇದೆ ಎಂದು ಮಾತ್ರೆ ಬರೆದು, ಚಿಂತೆ ಮಾಡಬೇಡಿ ಎಂದರಂತೆ. ಅಕ್ಕ ಚೀಟಿ ನನಗೆ ತೋರಿಸಿ, "ಚಿಂತೆ ಮಾಡದೇ ಇರುವ ಮಾತ್ರೆ ಯಾವ ಮೆಡಿಕಲ್‌ನಲ್ಲಿ ಸಿಗ್ತದೆ ಕೇಳು" ಎಂದರು. ನಾನು ಹೊಟ್ಟೆ ತುಂಬ ನಕ್ಕೆ.

ಎರಡು ಸಾವಿರದ ಐದರ ಜುಲೈ ಮಳೆ ಮುಂಬೈಯವರಾರಿಗೂ ಮರೆಯುವಂಥದ್ದಲ್ಲ. ಗಾಡಿಗಳು ನಿಂತಲ್ಲೇ ನಿಂತವು. ಆ ದಿನ ಹಲಗೆಯ ಮೇಲೆ ಮೂರು ಚಾವಿಗಳು ಉಳಿದವು, ಅದರಲ್ಲಿ ಒಂದು ನನ್ನದು. ಯಜಮಾನರು ಅಂಧೇರಿಯಲ್ಲಿ, ನಾನು ಠಾಣೆಯಲ್ಲಿ, ಐದು ವರ್ಷದ ಮಗಳು ಅಕ್ಕನ ಮಡಿಲಲ್ಲಿ. ಮರುದಿನ ಮಧ್ಯಾಹ್ನ ನಾನು ಹಳಿಗುಂಟ ನಡೆದು, ಸಿಕ್ಕ ಟೆಂಪೋ ಹತ್ತಿ, ಕೆಸರು ಮೆತ್ತಿಕೊಂಡು ಮನೆ ತಲುಪಿದೆ.  ನನ್ನ ಚಾವಿ ಅಕ್ಕನ ಮುಷ್ಟಿಯಲ್ಲಿತ್ತು. ಬೆರಳು ಬಿಡಿಸಲು ಅವರಿಗೇ ಆಗುತ್ತಿರಲಿಲ್ಲ, ನಾನೇ ಒಂದೊಂದಾಗಿ ಬಿಡಿಸಿದೆ. ಕೈ ತಣ್ಣಗಿತ್ತು.  ಅದರ ಮುಂದಿನ ವರ್ಷ ಗಾಡಿಗಳಲ್ಲಿ ಬಾಂಬುಗಳು ಸಿಡಿದದ್ದು ಎಲ್ಲರಿಗೂ ಗೊತ್ತು. ನಮ್ಮ ಕಟ್ಟಡದವರು ಎಲ್ಲರೂ ಮನೆಗೆ ಬಂದರು, ದೇವರು ದೊಡ್ಡವನು. ಆದರೆ ಆಮೇಲೆ ಅಕ್ಕ ಮಧ್ಯಾಹ್ನ ಮೂರಕ್ಕೇ ಮೆಟ್ಟಿಲ ಹತ್ತಿರ ಬಂದು ನಿಲ್ಲತೊಡಗಿದರು. ಅದು ನಮಗೆ ಪ್ರೀತಿಯಂತೆ ಕಂಡಿತು. ಪ್ರೀತಿಯೇ ಆಗಿತ್ತು. ಅದು ಒಂದು ದೇಹವನ್ನು ಒಳಗಿನಿಂದ ತಿನ್ನುತ್ತಿದೆ ಎಂದು ನಮಗೆ ಹೊಳೆಯಲಿಲ್ಲ.

ಎರಡು ಸಾವಿರದ ಎಂಟರ ದೀಪಾವಳಿಯ ನಂತರ ಇರಬೇಕು... ಒಂದು ಸಂಜೆ ಅವರು ಕೊಟ್ಟ ಚಾವಿ ನನ್ನ ಬೀಗಕ್ಕೆ ಹೊಂದಲಿಲ್ಲ. ಕೆಳಗಿಳಿದು ಬದಲಿಸಿಕೊಂಡೆ, ಇಬ್ಬರೂ ನಕ್ಕೆವು. ಮುಂದಿನ ವಾರ ಮೂರನೇ ಮಹಡಿಯ ಟೀಚರ್‌ಗೆ ಹಾಗಾಯಿತು. ಅದರ ಮುಂದಿನ ವಾರ ಮತ್ತೆ ನನಗೆ. ಎರಡು ತಿಂಗಳಲ್ಲಿ ಅದು ದಿನದ ಮಾತಾಯಿತು. ಸಂಜೆ ಹೊತ್ತು ಮೆಟ್ಟಿಲ ಮೇಲೆ ನಾವು ನಾವೇ ಚಾವಿ ಅದಲುಬದಲು ಮಾಡಿಕೊಳ್ಳುತ್ತಿದ್ದೆವು, ಅಕ್ಕನಿಗೆ ಕೇಳಿಸದ ಹಾಗೆ.

ಎಂಟು ಹದಿನಾಲ್ಕರ ಗಾಡಿಯಲ್ಲಿ ನಾವು ಆರೇಳು ಜನ ಹೆಂಗಸರು ಸಭೆ ಸೇರಿದೆವು. ಅಕ್ಕನಿಗೆ ಏನಾಗಿದೆ ಎಂದು ಯಾರೂ ಕೇಳಲಿಲ್ಲ. ಏನು ಮಾಡಿದರೆ ಇದು ನಡೆದುಕೊಂಡು ಹೋದೀತು ಎಂಬುದಷ್ಟೇ ಪ್ರಶ್ನೆ. ಟೀಚರ್ ಉಪಾಯ ಹೇಳಿದರು. ಆ ಭಾನುವಾರ ಎಲ್ಲರೂ ತಮ್ಮ ತಮ್ಮ ನೇಲ್ ಪಾಲಿಶ್ ತಂದು ಅಕ್ಕನ ಮನೆಯಲ್ಲಿ ಕೂತೆವು. ಪ್ರತಿ ಚಾವಿಯ ತಲೆಗೊಂದು ಬಣ್ಣ, ಅದರ ಮೊಳೆಯ ಸುತ್ತ ಅದೇ ಬಣ್ಣ. ನನ್ನದು ಮೆರೂನ್. ಚಹಾ, ಚೂಡಾ, ಹರಟೆ. ಇಡೀ ಮನೆ ಆ ವಾಸನೆಯಿಂದ ತುಂಬಿತ್ತು. ಎಷ್ಟು ಹೆಮ್ಮೆ ನಮಗೆ! ಅಕ್ಕನೂ ನಕ್ಕರು. "ನನ್ನನ್ನು ಬಾಲವಾಡಿಗೆ ಸೇರಿಸಿದಿರಾ?" ಎಂದರು.

ಎಲ್ಲರೂ ಹೋದ ಮೇಲೆ ಲೋಟ ತೊಳೆಯಲು ನಾನೊಬ್ಬಳೇ ಉಳಿದೆ. ಅಕ್ಕ ಅಡುಗೆಮನೆಗೆ ಬಂದು ನನ್ನ ಒದ್ದೆ ಕೈ ಹಿಡಿದುಕೊಂಡರು.

"ಸತ್ಯ ಹೇಳು. ನನಗೆ ಎಂಥದೋ ಆಗ್ತಾ ಉಂಟಲ್ಲ?"

ನಾನು ಅವರ ಮುಖ ನೋಡಿದೆ. ಅವರಿಗೆ ಹೆದರಿಕೆಯಾಗಿತ್ತು.  ಎರಡನೇ ಮಾತಿಲ್ಲದೆ ಹೌದು ಎನ್ನಬೇಕಾಗಿತ್ತು, ಸಾನಪಾಡಾದ ಮಗಳಿಗೆ ಅಂದೇ ಫೋನ್ ಮಾಡಬೇಕಾಗಿತ್ತು. ನಂಬರು ನನ್ನ ಹತ್ತಿರವೇ ಇತ್ತು. ಆದರೆ ನನ್ನ ತಲೆಯಲ್ಲಿ ಓಡಿದ್ದು ಬೇರೆ. ಅಕ್ಕ ಸಾನಪಾಡಾಕ್ಕೆ ಹೋದರೆ ನನ್ನ ಮಗಳನ್ನು ಸಂಜೆಯವರೆಗೆ ಎಲ್ಲಿ ಬಿಡಲಿ? ಆಗಷ್ಟೇ ಘಣಸೋಲಿಯ ಹೊಸ ಆಫೀಸಿಗೆ ಸೇರಿದ್ದೆ, ರಜೆ ಕೇಳುವ ಹಾಗಿರಲಿಲ್ಲ.

"ಏನೂ ಆಗಿಲ್ರೀ ಅಕ್ಕಾರ" ಎಂದೆ. "ವಯಸ್ಸು, ಟೆನ್ಶನ್ನು. ನಂಗೂ ಮರೀತದ. ಮೊನ್ನೆ ಕನ್ನಡಕ ತಲೀ ಮ್ಯಾಲ ಇಟ್ಕೊಂಡು ಮನೀ ಎಲ್ಲಾ ಹುಡುಕೀನಿ."

ಅವರು ನಂಬಿದರು. ನಂಬಲು ಅವರಿಗೂ ಬೇಕಾಗಿತ್ತು. "ಮಗಳಿಗೆ ಮಾತ್ರ ಹೇಳ್ಬೇಡ ಆಯ್ತಾ, ಅವಳು ಕರ್ಕೊಂಡು ಹೋಗಿಬಿಡ್ತಾಳೆ" ಎಂದರು. ನಾನು ಮಾತು ಕೊಟ್ಟೆ. ಬಹಳ ಸುಲಭವಾಗಿ ಕೊಟ್ಟೆ.

ಬಣ್ಣಗಳಿಂದ ಒಂದೂವರೆ ವರ್ಷ ದಾಟಿತು. ಆ ಒಂದೂವರೆ ವರ್ಷದಲ್ಲಿ ನಾನು ನೋಡಿಯೂ ನೋಡದಂತಿದ್ದದ್ದು ಎಷ್ಟೆಂದು ಈಗ ಲೆಕ್ಕ ಹಾಕಲು ಹೋದರೆ ಮುಗಿಯುವುದಿಲ್ಲ. ಸೀದ ಹಾಲಿನ ವಾಸನೆ. ಕೇಳಿದ್ದನ್ನೇ ಕೇಳುವುದು. ಬಿಪಿ ಮಾತ್ರೆ ಒಂದು ದಿನ ಎರಡೆರಡು ಸಲ, ಮೂರು ದಿನ ಇಲ್ಲವೇ ಇಲ್ಲ. ಹಲಗೆಯ ಮುಂದೆ ನಿಂತು ಚಾವಿ ಎಣಿಸಿ, ತಿರುಗಿ, ಮತ್ತೆ ಎಣಿಸುವುದು. ಮಗಳು ಶಾಲೆಯಿಂದ ಬಂದು ಮಾಡುತ್ತಿದ್ದ ಮೊದಲ ಕೆಲಸ ಅಕ್ಕನ ಅಡುಗೆಮನೆಗೆ ಹೋಗಿ ಗ್ಯಾಸ್ ಆರಿದೆಯೇ ಎಂದು ನೋಡುವುದು. ಒಂಬತ್ತು ವರ್ಷದ ಮಗು. ಅವಳೇ ಒಂದು ದಿನ ಹೇಳಿದಳು, ಅಕ್ಕ ತನ್ನನ್ನು ಬೇರೆ ಹೆಸರಿನಿಂದ ಕರೆಯುತ್ತಾರೆ ಎಂದು. ಅದು ಅಕ್ಕನ ಮಗಳ ಹೆಸರು. ಇರಲಿ, ಓ ಎನ್ನು, ಅವರಿಗೆ ಬೇಜಾರು ಮಾಡಬೇಡ ಎಂದೆ. ಮಗಳು ತಲೆಯಾಡಿಸಿದಳು. ನಾನು ಅವಳನ್ನು ಜಾಣೆ ಎಂದು ಹೊಗಳಿದೆ.

ಎರಡು ಸಾವಿರದ ಹತ್ತರ ಆಗಸ್ಟ್. ಸಂಜೆ ನನ್ನ ಗಾಡಿ ದಿವಾ ಹತ್ತಿರ ಸಿಗ್ನಲ್ ಸಿಗದೆ ಮುಕ್ಕಾಲು ಗಂಟೆ ನಿಂತಿತು. ಅಷ್ಟೇ, ಬರೀ ಮುಕ್ಕಾಲು ಗಂಟೆ. ಅಕ್ಕನ ಮನೆಗೆ ಫೋನ್ ಮಾಡಿದೆ, ರಿಂಗಾಗುತ್ತಲೇ ಇತ್ತು. ಮತ್ತೆ ಮಾಡಿದೆ. ಡೊಂಬಿವಲಿಯಲ್ಲಿಳಿದು ರಿಕ್ಷಾ ಹಿಡಿದು ಬಂದೆ. ಮೊದಲ ಮಹಡಿಯ ಬಾಗಿಲು ಹಾರುಹೊಡೆದಿತ್ತು. ಒಳಗೆ ಟಿವಿ ನಡೆಯುತ್ತಿತ್ತು. ಮಗಳ ಶಾಲೆಯ ಚೀಲ ನೆಲದ ಮೇಲಿತ್ತು, ಹೋಂವರ್ಕ್ ಪುಸ್ತಕ ತೆರೆದಿತ್ತು, ಅರ್ಧ ಬರೆದ ಸಾಲು. ಅಡುಗೆಮನೆ, ಬಾತ್‌ರೂಮು, ಬಾಲ್ಕನಿ, ಎಲ್ಲೂ ಯಾರೂ ಇಲ್ಲ. ಗ್ಯಾಸ್ ಆರಿತ್ತು. ಅದನ್ನು ಆರಿಸಿಯೇ ಹೋಗಿದ್ದಾಳೆ ನನ್ನ ಮಗಳು.

ಮಗಳ ಹೆಸರು ಕೂಗುತ್ತ ನಾಲ್ಕೂ ಮಹಡಿ ಹತ್ತಿದೆ, ಟೆರೇಸ್ ನೋಡಿದೆ, ನೀರಿನ ಟಾಕಿಯ ಮುಚ್ಚಳ ತೆಗೆದು ಇಣುಕಿದೆ. ಆ ಕ್ಷಣ ಏನು ಯೋಚಿಸಿ ಇಣುಕಿದೆನೋ, ಅದನ್ನು ಬರೆಯಲಾರೆ. ಕೆಳಗಿನ ಇಸ್ತ್ರಿಯವನು, ಅಜ್ಜಿ ನಿಮ್ಮ ಹುಡುಗಿಯ ಕೈ ಹಿಡಿದು ರೇಲ್ವೆ ಲೈನ್ ಕಡೆಗೆ ಹೋದರು ಎಂದು ಕೈ ತೋರಿಸಿದ. ಸಣ್ಣ ಮಳೆ ಬೀಳುತ್ತಿತ್ತು. ನಾನು ಓಡಿದೆ. ಒಂದು ಕಾಲಿನ ಚಪ್ಪಲಿ ಎಲ್ಲಿ ಕಳಚಿತೋ ಗೊತ್ತಿಲ್ಲ. ಹಿಂದಿನಿಂದ ಒಂದು ಫಾಸ್ಟ್ ಗಾಡಿ ಹಾರ್ನ್ ಹಾಕುತ್ತ ಕಲ್ಯಾಣದ ಕಡೆಗೆ ಹೋಯಿತು. ಅದು ಪೂರ್ತಿ ದಾಟಿಹೋಗುವವರೆಗೆ ನಾನು ಕಣ್ಣು ತೆರೆಯಲಿಲ್ಲ.

ಠಾಕುರ್ಲಿ ಫಾಟಕದ ಗೇಟ್‌ಮನ್ ಅವರಿಬ್ಬರನ್ನೂ ತನ್ನ ಕೋಣೆಯ ಹೊರಗೆ ಸ್ಟೂಲಿನ ಮೇಲೆ ಕೂರಿಸಿದ್ದ. ಹಳಿಗಳ ಮಧ್ಯೆ ನಡೆದು ಬರುತ್ತಿದ್ದರಂತೆ. ಬಾವುಟ ಬೀಸುತ್ತ ಓಡಿ ಎಳೆದು ತಂದನಂತೆ. ಅವನು ಮರಾಠಿಯಲ್ಲಿ ನನ್ನನ್ನು ಬೈದ. ಬೈಯಲಿ, ಅವನ ಕಾಲಿಗೆ ಬೀಳಬೇಕೆನಿಸಿತು. ಅಕ್ಕ ನನ್ನ ಗುರುತು ಹಿಡಿಯಲಿಲ್ಲ. ಹಳಿಗಳನ್ನೇ ನೋಡುತ್ತ, "ಇವಳ ಅಪ್ಪ ಇಲ್ಲೇ ಎಲ್ಲೋ ಬಿದ್ದಿದ್ದಾರೆ, ನೋಡ್ಲಿಕ್ಕೆ ಬಂದೆವು" ಎಂದು ಎಲ್ಲರಿಗೂ ಹೇಳುತ್ತಿದ್ದರು. ಮಗಳ ಮಣಿಕಟ್ಟು ಇನ್ನೂ ಅವರ ಕೈಯಲ್ಲಿತ್ತು. ಬಿಡಿಸಿದಾಗ ಬೆರಳಿನ ಗುರುತು ಕೆಂಪಗೆ ಮೂಡಿತ್ತು.

ಮನೆಗೆ ಬಂದು ಮಗಳ ತಲೆ ಒರೆಸುತ್ತ, ಯಾಕೆ ಹೋದಿ, ಕೂಗಬಾರದಿತ್ತೇ, ಓಡಿ ಬರಬಾರದಿತ್ತೇ ಎಂದು ಅವಳ ಭುಜ ಹಿಡಿದು ಅಲುಗಿಸಿದೆ. ಅವಳು ಅಳಲಿಲ್ಲ. ಹಿಂದಿಯಲ್ಲಿ ಹೇಳಿದಳು, "ಆಪ್ನೆ ಹೀ ಬೋಲಾ ಥಾ ನಾ, ಅಕ್ಕ ಕೋ ಬುರಾ ನಹೀಂ ಲಗ್ನಾ ಚಾಹಿಯೆ." ನೀನೇ ಹೇಳಿದ್ದಿಯಲ್ಲ, ಅಕ್ಕನಿಗೆ ಬೇಜಾರಾಗಬಾರದು ಎಂದು. 

ಆ ಸಂಜೆಯೇ ಸಾನಪಾಡಾಕ್ಕೆ ಫೋನ್ ಮಾಡಿದೆ. ಅಕ್ಕನ ಮಗಳು ಗಂಡನ ಜೊತೆ ಬಂದಳು. ಮೊದಲು ತಾಯಿಯನ್ನು ನೋಡಿದಳು, ಆಮೇಲೆ ಬಾಗಿಲ ಹಿಂದಿನ ಬಣ್ಣದ ಮೊಳೆಗಳನ್ನು. ಬಹಳ ಹೊತ್ತು ನೋಡಿದಳು. "ಯಾವಾಗಿನಿಂದ ಹೀಗೆ?" ಎಂದು ಕೇಳಿದಳು. ಎಂಟು ಹದಿನಾಲ್ಕರ ಗಾಡಿಯವರೆಲ್ಲ ಅಲ್ಲಿದ್ದೆವು.  "ಫೋನಿನಲ್ಲಿ ಅಮ್ಮ ಯಾವಾಗಲೂ ಸರಿಯಾಗಿಯೇ ಮಾತಾಡ್ತಿದ್ರು, ನೀವೆಲ್ಲ ಇದ್ದೀರಿ ಹೇಳಿ ನಾನು ಧೈರ್ಯದಲ್ಲಿದ್ದೆ" ಎಂದಳು. ಅವಳು ಕಿರುಚಿದ್ದರೆ ನನಗೆ ಸ್ವಲ್ಪ ಸಮಾಧಾನವಾಗುತ್ತಿತ್ತು.

ವಾಶಿಯ ಡಾಕ್ಟರರು ಎಲ್ಲ ಪರೀಕ್ಷೆ ಮಾಡಿ, ಇದು ಬರೀ ವಯಸ್ಸಿನ ಮರೆವಲ್ಲ, ಮರೆವಿನ ಕಾಯಿಲೆ ಎಂದರಂತೆ. ಗಂಡನ ಸಾವು, ಅಷ್ಟು ವರ್ಷಗಳ ಆತಂಕ, ಇದೇ ಕಾರಣವೇ ಎಂದು ಅಕ್ಕನ ಮಗಳು ಕೇಳಿದಳಂತೆ. ಇದರಿಂದಲೇ ಎಂದು ಬೆರಳಿಟ್ಟು ಹೇಳಲಾಗುವುದಿಲ್ಲ, ಆತಂಕಪಡುವ ಎಲ್ಲರಿಗೂ ಇದು ಬರುವುದಿಲ್ಲ ಎಂದರಂತೆ. ಆದರೆ ಮನಸ್ಸು ವರ್ಷಗಟ್ಟಲೆ ಹೆದರಿಕೊಂಡೇ ಇದ್ದರೆ ರಕ್ತದೊತ್ತಡ ಏರುತ್ತದೆ, ನಿದ್ದೆ ಹೋಗುತ್ತದೆ, ಅವೆಲ್ಲ ಸೇರಿ ಮಿದುಳಿಗೂ ಅಪಾಯ ಹೆಚ್ಚಿಸಬಹುದು. ಬೇಗ ಬಂದಿದ್ದರೆ ವಾಸಿಯಾಗುತ್ತಿತ್ತು ಎಂದಲ್ಲ, ಬಿಪಿಯನ್ನಾದರೂ ಹಿಡಿತದಲ್ಲಿಡಬಹುದಿತ್ತು, ಮನೆಯವರಿಗೆ ಸಿದ್ಧವಾಗಲು ಸಮಯ ಸಿಗುತ್ತಿತ್ತು. ಇಷ್ಟನ್ನೂ ಆಕೆ ನನಗೆ ಫೋನಿನಲ್ಲಿ ಶಾಂತವಾಗಿ ಹೇಳಿದಳು. ಕೊನೆಯ ಮಾತನ್ನು ಹೇಳದೇ ಇದ್ದರೂ ಆಗುತ್ತಿತ್ತು. ಹೇಳಿದಳು, ಅವಳ ಹಕ್ಕು.

ಅಕ್ಕ ಸಾನಪಾಡಾದಲ್ಲಿ ಆರು ವರ್ಷ ಇದ್ದರು. ನನ್ನ ಆಫೀಸಿನಿಂದ ಮೂರೇ ಸ್ಟೇಷನ್. ಆರು ವರ್ಷದಲ್ಲಿ ನಾನು ಹೋದದ್ದು ನಾಲ್ಕು ಸಲ. ಕೆಲಸ, ಮಗಳ ಹತ್ತನೇ ಕ್ಲಾಸು ಎಂದೆಲ್ಲ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ನನಗೆ ಭಯ. ಅವರ ಮುಂದೆ ಕೂತರೆ ನನ್ನ ಮುಂದಿನ ವರ್ಷಗಳೇ ಎದುರಿಗೆ ಕೂತ ಹಾಗೆ ಅನಿಸುತ್ತಿತ್ತು. ಕೊನೆಯ ಸಲ ಹೋದಾಗ ಕಿಟಕಿಯ ಹತ್ತಿರ ಕೂತಿದ್ದರು. ದೂರದಲ್ಲಿ ಗಾಡಿ ಹೋದ ಸದ್ದಾಯಿತು. ನಾನು ಬೆಚ್ಚಿದೆ, ಅವರು ಬೆಚ್ಚಲಿಲ್ಲ. ಅವರ ಮುಖದಲ್ಲಿ ಯಾವ ಕಳವಳವೂ ಇರಲಿಲ್ಲ. ಯಾರೋ ಮನೆಗೆ ಬರಬೇಕಾಗಿದೆ ಎಂಬುದೇ ಅವರಿಗೆ ಮರೆತುಹೋಗಿತ್ತು. ಅಷ್ಟು ವರ್ಷಗಳಲ್ಲಿ ಅವರನ್ನು ನಾನು ಹಾಗೆ ನಿಶ್ಚಿಂತೆಯಾಗಿ ನೋಡಿದ್ದು ಅದೇ ಮೊದಲು. ಅಲ್ಲಿಂದ ಎದ್ದು ಬರುವಾಗ ಮೆಟ್ಟಿಲ ಮೇಲೆ ಕೂತು ಅತ್ತೆ. ಎರಡು ಸಾವಿರದ ಹದಿನಾರರ ಮಳೆಗಾಲದಲ್ಲಿ ಅಕ್ಕ ಹೋದರು...

ಈಗ ನನ್ನ ಮಗಳಿಗೆ ಹತ್ತೊಂಬತ್ತು. ನೆರೂಳಿನ ಕಾಲೇಜಿಗೆ ಲೋಕಲ್ ಹಿಡಿದು ಹೋಗುತ್ತಾಳೆ. ಅವಳು ಮನೆ ಸೇರುವವರೆಗೆ ನನ್ನ ಬಾಯಿಗೆ ಅನ್ನ ಇಳಿಯುವುದಿಲ್ಲ. ಎರಡು ವರ್ಷದಿಂದ ಬಿಪಿ ಮಾತ್ರೆ. ಬೆಳಗಿನ ಮೂರಕ್ಕೆ ಎಚ್ಚರ. ಆಫೀಸಿನಲ್ಲಿ ಹತ್ತು ವರ್ಷದಿಂದ ಪಕ್ಕದಲ್ಲಿ ಕೂರುವವಳ ಹೆಸರು ಮೊನ್ನೆ ನಾಲಿಗೆಗೆ ಬರಲಿಲ್ಲ, ಮರಾಠಿಯಲ್ಲಿ ಅಗೋ, ಅಂದರೆ ಏನೇ, ಎಂದು ಕರೆದು ತಪ್ಪಿಸಿಕೊಂಡೆ. ಎಲ್ಲರಿಗೂ ಆಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಂಡ ಧ್ವನಿ, ಅಂದು ಆ ಅಡುಗೆಮನೆಯಲ್ಲಿ ಅಕ್ಕನಿಗೆ ಹೇಳಿದ ಧ್ವನಿಯೇ ಆಗಿತ್ತು.

ರಬಾಳೆಯ ಬೆಂಚಿನಿಂದ ಎದ್ದ ದಿನ ಸಂಜೆ ಮಗಳನ್ನು ಎದುರಿಗೆ ಕೂರಿಸಿಕೊಂಡೆ. "ನೋಡವ್ವಾ, ನನಗ ಏನರೆ ಮರೀಲಿಕ್ಕೆ ಶುರುವಾತು ಅಂದ್ರ ಮುಚ್ಚಿಡಬ್ಯಾಡ. ನನಗ ಬೇಜಾರಾಗ್ತದ ಅಂತ ಸುಮ್ನಿರಬ್ಯಾಡ. ಮಾರೀ ಮ್ಯಾಲ ಹೇಳು" ಎಂದೆ. ಅವಳು ಮೊಬೈಲ್ ಕೆಳಗಿಟ್ಟು ನನ್ನನ್ನೇ ನೋಡಿದಳು. ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ.

"ಸೋಮ್‌ವಾರ್ ಕೋ ಆಪ್ನೆ ಮುಝೆ ದೋ ಬಾರ್ ಫೋನ್ ಕಿಯಾ ಥಾ, ಮಮ್ಮಿ" ಎಂದಳು. ಸೋಮವಾರ ನೀನು ಎರಡು ಸಲ ಫೋನ್ ಮಾಡಿದ್ದಿ. ಹತ್ತು ನಿಮಿಷದ ಅಂತರದಲ್ಲಿ. ಎರಡೂ ಸಲ ಕೇಳಿದ್ದು ಅದೇ ಮಾತು.

ನನಗೆ ಒಂದೇ ಸಲ ನೆನಪಿದೆ. ಅವಳ ಕಣ್ಣು ತುಂಬಿದ್ದವು. ಎಷ್ಟು ದಿನದಿಂದ ನೋಡುತ್ತಿದ್ದಿ ಎಂದು ನಾನು ಕೇಳಲಿಲ್ಲ. ನಾಡಿದ್ದು ಶನಿವಾರ ವಾಶಿಯ ಡಾಕ್ಟರರ ಹತ್ತಿರ ಹೋಗುತ್ತಿದ್ದೇವೆ, ಇಬ್ಬರೂ. ನನಗೆ ತುಂಬ ಹೆದರಿಕೆಯಾಗಿದೆ. ಹೆದರಿಕೆಯ ನಡುವೆಯೂ ಒಂದು ಮಾತು ಎದೆಯಿಂದ ಹೋಗುತ್ತಿಲ್ಲ: ಇಷ್ಟೇ ಸತ್ಯವನ್ನು ಅಂದು ಅಕ್ಕ ನನ್ನ ಕೈ ಹಿಡಿದು ಕೇಳಿದ್ದರು, ನಾನು ಕೊಡಲಿಲ್ಲ.